ಹಳೆಯ ತಾರೀಖಿನ ಚಿತ್ರಗಳು

ಚಳಿ ಹಿಂದೆ ಸರಿಯುತ್ತಿದ್ದ ದಿನಗಳು. ಬಿತ್ತನೆಗೆ ಇನ್ನೂ ಹೊತ್ತಿತ್ತು. ಆದರೂ ಬೀಜ ಪರೀಕ್ಷಾ ಕೇಂದ್ರದ ಅಂಗಳದಲ್ಲಿ ಬೆಳಗಿನಿಂದಲೇ ಗಾಡಿಗಳು ಬಂದು ನಿಂತಿದ್ದವು. ಗೋದಾಮಿನವನು ಒಂದೊಂದೇ ಚೀಲದ ಹೊಟ್ಟೆಗೆ ಕಬ್ಬಿಣದ ಮೊನಚು ಕೊಳವೆ ಚುಚ್ಚಿ, ಹಿಡಿಯಷ್ಟು ಬೀಜ ಹೊರಗೆಳೆದು, ಕಾಗದದ ಪೊಟ್ಟಣಕ್ಕೆ ಸುರಿಯುತ್ತಿದ್ದ. ಇಡೀ ಚೀಲದ ಹಣೆಬರಹ ಆ ಒಂದು ಹಿಡಿಯ ಮೇಲೆ ನಿಂತಿತ್ತು. ಒಳಗೆ ಉದ್ದನೆಯ ಬೆಂಚಿನ ಹತ್ತಿರ ಆ ಬೀಜಗಳನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಕೂರಿಸಿ, ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಮೊಳೆತವೆಷ್ಟು ಸತ್ತವೆಷ್ಟು ಎಂದು ದಿನವೂ ಎಣಿಸಿ, ಪ್ರತಿ ತಟ್ಟೆಯ ಚಿತ್ರ ತೆಗೆದಿಡಬೇಕು. ಚಿತ್ರವಿಲ್ಲದಿದ್ದರೆ ಎಣಿಸಿದ್ದೂ ಎಣಿಸಿದಂತಲ್ಲ, ಆ ಬೀಜಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ. ತಲೆಗೂದಲು ಕಪ್ಪಗಿದ್ದಾಗಿನಿಂದ ಆ ಬೆಂಚಿನಲ್ಲೇ ಕೂತು ಅರ್ಧ ನೆರೆತಿದ್ದ ಹೆಂಗಸನ್ನು ಎಲ್ಲರೂ ಬೀಜದಕ್ಕ ಎನ್ನುತ್ತಿದ್ದರು.

ಕಂಪ್ಯೂಟರಿನವನು ಅಂಗಳ ದಾಟುವಾಗ ಗೋದಾಮಿನವನು ಕೊಳವೆ ಕೆಳಗಿಟ್ಟು ಕೂಗಿದ. "ಏನ್ ಸಾಲುಮೇಷ್ಟ್ರೇ, ಇವತ್ತಿನ ಸಾಲು ಯಾವುದು?"

"ಇನ್ನೂ ಬರೆದಿಲ್ಲ."

"ಬರೀರಿ, ಬರೀರಿ. ಚೀಲ ತಾನಾಗೇ ಗಾಡಿಯಿಂದ ಇಳಿಯೋ ಸಾಲು ಒಂದಿದ್ರೆ ನಮಗೂ ಕೊಡಿ, ಸೊಂಟ ಬಿದ್ದುಹೋಯ್ತು." ಆಮೇಲೆ ದನಿ ತಗ್ಗಿಸಿ, "ಅಕ್ಕನ ಬೆಂಚು ಕೈ ಬದಲಾಗೋದು ಇವತ್ತೇ ಅಂತಲ್ಲ? ಪಾಪ. ಅದ್ಯಾಕೆ ನಿಮ್ಮ ಮುಖ ಹಿಂಗಾಯ್ತು? ಕುಂಬಳಕಾಯಿ ಕಳ್ಳ ಅಂದ ಹಾಗೆ!" ಎಂದು ನಕ್ಕ.

ಅವನೂ ನಕ್ಕ. ನಕ್ಕಾದ ಮೇಲೆ ತನ್ನ ಕೈ ನಿಜಕ್ಕೂ ಹೆಗಲನ್ನು ಸವರುತ್ತಿರುವುದು ಕಂಡು, ಚೀಲದ ಪಟ್ಟಿಯನ್ನು ಸರಿಮಾಡಿಕೊಳ್ಳುವವನಂತೆ ಕೈಯಿಳಿಸಿದ.

ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಉಪಯುಕ್ತ ಸಾಲೊಂದನ್ನು ದಿನವೂ ಕಚೇರಿಯ ಜಾಲತಾಣದ ಒಳಪುಟದಲ್ಲಿ ಹಾಕುವ ಅಭ್ಯಾಸ ಮಾಡಿಕೊಂಡಿದ್ದ. ಕಪ್ಪು ಪರದೆಯ ಮೇಲೆ ಬೆರಳಚ್ಚಿಸಿದರೆ ಸಾವಿರ ಕಡತಗಳ ಹೆಸರು ಒಂದೇ ಸಲಕ್ಕೆ ಬದಲಾಗುವ ಸಾಲು. ಯಾವ ಕಡತ ಹೊಟ್ಟೆಬಾಕನಂತೆ ಜಾಗ ತಿನ್ನುತ್ತಿದೆ ಎಂದು ತೋರಿಸುವ ಸಾಲು. ಎಲ್ಲೋ ಹುದುಗಿದ ಒಂದು ಶಬ್ದವನ್ನು ಇಡೀ ಯಂತ್ರದಲ್ಲಿ ಜಾಲಾಡಿ ತರುವ ಸಾಲು. ಬೇರೆ ಶಾಖೆಗಳವರೂ ಓದುತ್ತಿದ್ದರು, ನಿಮ್ಮ ಸಾಲಿನಿಂದ ನನ್ನ ಅರ್ಧ ದಿನ ಉಳಿಯಿತು ಎಂದು ಬರೆಯುತ್ತಿದ್ದರು. ಅಂಥ ಮಾತು ಬಂದ ದಿನ ಅವನು ಮನೆಯಲ್ಲಿ ಹೆಂಡತಿಗೆ ಅದನ್ನು ನೇರವಾಗಿ ಹೇಳದೆ, ಬೇರೇನೋ ಹೇಳುತ್ತ ಹೇಳುತ್ತ ಅಲ್ಲಿಗೆ ತಂದು ಮುಟ್ಟಿಸುತ್ತಿದ್ದ. ಈಗ ತನ್ನ ಕೋಣೆಯಲ್ಲಿ ಕೂತು, ಸರ್ವರಿನ ಒಂದೇ ಸಮನೆಯ ಗುಂಯ್ ಸದ್ದಿನಲ್ಲಿ, ಅವನು ಬರೆಯತೊಡಗಿದ: ಅಳಿಸುವ ಮುನ್ನ ತೋರಿಸು. ಏನನ್ನಾದರೂ ಅಳಿಸುವ ಸಾಲು ಬರೆಯುವಾಗ ಅಳಿಸು ಎಂಬ ಶಬ್ದದ ಜಾಗದಲ್ಲಿ ಮೊದಲು ತೋರಿಸು ಎಂದು ಹಾಕಿ ಓಡಿಸಿ ನೋಡಿ. ಯಾವ್ಯಾವುದು ಸಾಯಲಿದೆ ಎಂದು ಕಣ್ಣಾರೆ ಕಂಡ ಮೇಲೆ... ಬೆರಳುಗಳು ನಿಂತವು. ಇದನ್ನೇ ಅವನು ಹೋದ ವರ್ಷವೂ ಬರೆದಿದ್ದ. ಎಷ್ಟು ಜನ ಮೆಚ್ಚಿದ್ದರು! ಕಿಟಕಿಯಾಚೆ ಅಕ್ಕ ಬೆಂಚಿಗೆ ಬಾಗಿ ತಟ್ಟೆಗಳನ್ನು ಒರೆಸುತ್ತಿದ್ದಳು. ಬೇರೆಯವರಿಗೆ ಒಪ್ಪಿಸುವ ಮೊದಲು ಚೊಕ್ಕಟ ಮಾಡುತ್ತಿದ್ದಾಳೆ; ಮನೆ ಖಾಲಿ ಮಾಡುವವರು ಕೊನೆಯ ದಿನ ಗುಡಿಸುತ್ತಾರಲ್ಲ, ಹಾಗೆ. ಆಕೆಯ ಇಕ್ಕುಳದ ತುದಿಯಿಂದ ಒಂದು ಕಾಳು ಜಾರಿ ಬಿತ್ತು, ಹುಡುಕಿ ಎತ್ತಿದಳು, ಮತ್ತೆ ಜಾರಿತು. ಮೊದಲು ಹೀಗಿರಲಿಲ್ಲ. ಸಾಸಿವೆಗಿಂತ ಸಣ್ಣ ಕಾಳನ್ನು ಆ ಕೈ ಮಾತಾಡುತ್ತಲೇ ಎತ್ತಿಡುತ್ತಿತ್ತು. ಅದು ಮರೆವಿಗೆ ಕೊಟ್ಟ ಮಾತ್ರೆಯ ನಡುಕ ಎಂದು ಅವನಿಗೆ ಗೊತ್ತಿತ್ತು. ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಒಂದೆರಡು ತಿಂಗಳು ಸಹಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದನ್ನು ಅಕ್ಕನೇ ಎಲ್ಲರಿಗೂ ಹೇಳಿದ್ದಳು, ಯಾರದೋ ಕತೆ ಹೇಳುವವಳಂತೆ ನಗುನಗುತ್ತ.

ಎಷ್ಟು ಸಣ್ಣ ಸಣ್ಣದರಿಂದ ಆಗಿಹೋಯಿತು. ಅಕ್ಕನ ಕ್ಯಾಮರಾದ ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ಅವನೇ ಹೊಸದು ಹಾಕಿದ. ಹಾಕಿದೊಡನೆ ಕ್ಯಾಮರಾ ತಾರೀಖು ಕೇಳಿತು. ಆ ಪುಟ್ಟ ಗುಂಡಿಗಳನ್ನು ಒತ್ತುತ್ತ ವರ್ಷ ತಿಂಗಳು ದಿನ ಎಂದು ಏರಿಸುವ ಬೇಸರ, ಹೊರಗೆ ಯಾರೋ ಕಾಯುತ್ತಿದ್ದರು, ಆಯ್ತು ಆಯ್ತು ಎಂದು ಒತ್ತಿಬಿಟ್ಟ. ಕ್ಯಾಮರಾ ತಾನು ಹುಟ್ಟಿದ ವರ್ಷಕ್ಕೇ ಹೋಗಿ ಕೂತಿತು. ಅದಾದ ಮೇಲೆ ತೆಗೆದ ಪ್ರತಿ ಚಿತ್ರದ ಬೆನ್ನ ಮೇಲೂ ಹತ್ತು ವರ್ಷ ಹಿಂದಿನ ತಾರೀಖು. ಅಕ್ಕನಿಗಾಗಿ ಅವನು ಬರೆದುಕೊಟ್ಟಿದ್ದ ಒಂದು ಸಾಲಿತ್ತು: ಸಂಜೆ ಕ್ಯಾಮರಾವನ್ನು ಕಂಪ್ಯೂಟರಿಗೆ ಚುಚ್ಚಿ ಒಂದು ಗುಂಡಿ ಒತ್ತಿದರೆ ಸಾಕು, ಚಿತ್ರಗಳೆಲ್ಲ ತಮ್ಮ ತಾರೀಖು ಕೆಡಿಸಿಕೊಳ್ಳದೆ ಸರ್ವರಿಗೆ ಬಂದು, ಕ್ಯಾಮರಾ ತಾನಾಗಿ ಖಾಲಿಯಾಗುತ್ತಿತ್ತು. ತಾರೀಖು ಕೆಡದಿರಲಿ ಎಂದು ಸೇರಿಸಿದ ಆ ಒಂದು ಅಕ್ಷರದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಎರಡನೆಯ ಸಾಲು ಸರ್ವರಿನಲ್ಲಿ ಜಾಗ ಸಾಲದೆ ಬಂದದ್ದು. ಎಲ್ಲರೂ ಮನೆಗೆ ಹೋದ ಮೇಲೆ ತಾನಾಗಿ ಏಳುತ್ತದೆ, ವರ್ಷಕ್ಕಿಂತ ಹಳೆಯ ಚಿತ್ರಗಳನ್ನು ಹುಡುಕುತ್ತದೆ, ಅಳಿಸುತ್ತದೆ. ಹಳೆಯವುಗಳ ನಕಲು ಹೇಗೂ ಬೇರೆ ಕಡೆ ಇತ್ತು. ಎರಡೂ ಸಾಲು ತಮ್ಮ ತಮ್ಮಷ್ಟಕ್ಕೆ ಸರಿ. ಎರಡೂ ಆ ತಪ್ಪು ತಾರೀಖಿನೊಡನೆ ಸೇರಿ ಅಕ್ಕ ಸಂಜೆ ಇಟ್ಟು ಹೋದ ಹೊಸ ಚಿತ್ರಗಳನ್ನು ಹಳೆಯವೆಂದು ತಿಳಿದು ಬೆಳಗಾಗುವುದರೊಳಗೆ ನುಂಗಿದವು. ಕಳೆ ಕೀಳಲು ನಿಲ್ಲಿಸಿದ ಆಳು ಪೈರನ್ನೇ ಕಿತ್ತು ಬದುವಿಗೆ ಹಾಕಿದ್ದ. ಮೊದಲ ಸಲ ಓಡಿಸುವಾಗ ಅಳಿಸು ಎನ್ನುವ ಬದಲು ತೋರಿಸು ಎಂದಿದ್ದರೆ ಸಾಕಿತ್ತು.

ಮೊದಲನೇ ಬೆಳಿಗ್ಗೆ ಅಕ್ಕ ಬಂದು, "ತಮ್ಮಾ, ನಿನ್ನೆ ಇಟ್ಟ ಚಿತ್ರ ಕಾಣಿಸ್ತಿಲ್ವಲ್ಲ," ಎಂದಾಗ ಅವನು ಬೇರೆ ಕೆಲಸದಲ್ಲಿದ್ದ. ಅವಳ ಕಡತ ತೆರೆದು ನೋಡಿದ, ಖಾಲಿ. "ಗುಂಡಿ ಒತ್ತಿದ್ರಾ ಅಕ್ಕ?"

"ಒತ್ತಿದ ಹಾಗೇ ನೆನಪು."

"ನೆನಪೋ, ಒತ್ತಿದ್ದೋ?" ಆಮೇಲೆ, ನಗಿಸಲಿಕ್ಕೆಂದೇ, "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಇನ್ನೂ ಟೈಮ್ ಇದೆ, ಈಗ್ಲೇ ಯಾಕೆ ಅವಸರ?" ಎಂದಿದ್ದ. ಅಕ್ಕ ನಕ್ಕಿದ್ದಳು. ಬಾಗಿಲ ತನಕ ನಗುತ್ತಲೇ ಹೋಗಿದ್ದಳು. ಆ ನಗು ಬಾಗಿಲು ದಾಟಿದ ಮೇಲೆ ಏನಾಯಿತೆಂದು ಅವನು ನೋಡಿರಲಿಲ್ಲ. ಅಕ್ಕನ ತಾಯಿ ಕೊನೆಕೊನೆಗೆ ಮಗಳನ್ನೇ ಗುರುತು ಹಿಡಿಯದೆ 'ಯಾರಮ್ಮಾ ನೀನು, ಯಾರ ಮನೆಯವಳು, ಕತ್ತಲಾಯ್ತು, ಮನೆಗೆ ಹೋಗು' ಎನ್ನುತ್ತಿದ್ದಳೆಂಬುದು ಅವನಿಗೆ ತಿಳಿದದ್ದು ಆಮೇಲೆ. ಮತ್ತೊಂದು ಬೆಳಿಗ್ಗೆಯೂ ಚಿತ್ರ ಹೋಯಿತು. ಇನ್ನೊಂದು ಬೆಳಿಗ್ಗೆಯೂ. ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. "ಯಂತ್ರದಲ್ಲೇನಾದ್ರೂ ತೊಂದರೆಯಾ?" ಎಂದು ಕೇಳಿದರು. ಪರೀಕ್ಷಿಸಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಹಾಗೆಂದರೆ ಯಂತ್ರದಲ್ಲಿ ತೊಂದರೆ ಇರಬಹುದೆಂದು ಒಪ್ಪಿಕೊಂಡ ಹಾಗೆ. ಜಾಗ ಉಳಿಸಿದ್ದಕ್ಕೆ ಅದೇ ಮುಖ್ಯಸ್ಥರು ಹಿಂದಿನ ವಾರವಷ್ಟೇ ಬೆನ್ನು ತಟ್ಟಿದ್ದರು. "ಇಲ್ಲ ಸಾರ್, ಯಂತ್ರ ಸರಿಯಾಗಿದೆ," ಎಂದ. ಬಾಗಿಲ ಬಳಿ ನಿಂತಿದ್ದ ಅಕ್ಕ, "ಹಾಗಾದ್ರೆ ನನ್ನ ತಲೇನೇ," ಎಂದಳು. ಮುಖ್ಯಸ್ಥರು ಮೃದುವಾಗಿ, ಮಗುವಿಗೆ ಹೇಳುವ ಹಾಗೆ, "ಸ್ವಲ್ಪ ವಿಶ್ರಾಂತಿ ತಗೊಳ್ಳಿ," ಎಂದರು. ಅಷ್ಟು ಮೃದುವಾಗಿ ಅವರು ಆಕೆಯೊಡನೆ ಎಂದೂ ಮಾತಾಡಿದ್ದಿಲ್ಲ. ಅಕ್ಕ ಕುಗ್ಗಿದ್ದು ಆ ಮೃದುತನಕ್ಕೆ.

ಅಲ್ಲಿಯವರೆಗಿನದನ್ನು ಅವನು ತನ್ನೊಳಗೇ ವಾದಿಸಿ ಗೆಲ್ಲಬಲ್ಲ: ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ಪಾಪವಲ್ಲ. ಆದರೆ ಒಂದು ಸಂಜೆ, ಬೇರೆ ಶಾಖೆಯವನೊಬ್ಬನಿಗೆ ಫೋನಿನಲ್ಲಿ ಕಡತಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತೋರಿಸುವ ಸಾಲನ್ನು ಹೇಳಿಕೊಡುತ್ತ, ತಾನೂ ಓಡಿಸಿ ನೋಡಿದಾಗ, ಅಕ್ಕ ಆಗಷ್ಟೇ ಇಟ್ಟ ತಟ್ಟೆಗಳ ಚಿತ್ರಗಳು ಎಲ್ಲಕ್ಕಿಂತ ಕೆಳಗೆ, ಹತ್ತು ವರ್ಷ ಹಿಂದಿನ ತಾರೀಖು ಹೊತ್ತು ಕೂತಿದ್ದವು. ಎಲ್ಲವೂ ಒಂದೇ ಉಸಿರಿಗೆ ಅರ್ಥವಾಯಿತು. ಫೋನಿನಲ್ಲಿ ಆ ಕಡೆಯವನು, "ಹಲೋ, ಸಾರ್, ಇದೀರಾ?" ಎನ್ನುತ್ತಿದ್ದ. ಸರಿಪಡಿಸಲು ಬೇಕಾದದ್ದು ಅರ್ಧ ಸಾಲು, ಅದನ್ನು ಕೂಡಲೇ ಬರೆದ. ಹೇಳಲು ಬೇಕಾದದ್ದೂ ಅರ್ಧ ಸಾಲೇ. ಅದನ್ನು ಹೇಳಬೇಕೆಂದೇ ಎದ್ದು ಅಕ್ಕನ ಬೆಂಚಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ತಲೆಯೆತ್ತಿ, "ನಿನ್ನೆ ಡಾಕ್ಟರ ಹತ್ರ ಹೋಗ್ಬಂದೆ ತಮ್ಮಾ. ಮಾತ್ರೆ ಕೊಟ್ಟಿದಾರೆ. ಮುಂಚೆ ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು," ಎಂದಳು. ಅವಳ ಮುಖದಲ್ಲಿ ಒಂದು ನಿರಾಳವಿತ್ತು. ಹೆದರುತ್ತಿದ್ದದ್ದು ಕೊನೆಗೂ ಬಂದು ಬಾಗಿಲು ತಟ್ಟಿದಾಗ ಕೆಲವರಿಗೆ ಬರುವಂಥದ್ದು. ಅವನು, "ಒಳ್ಳೇದಾಯ್ತಕ್ಕ," ಎಂದ. ಹೌದು, ಹಾಗೆಯೇ ಅಂದ. ಅಂದು, "ಕ್ಯಾಮರಾ ಕೊಡಿ, ಗಾಜು ಒರೆಸಿಕೊಡ್ತೀನಿ," ಎಂದು ಇಸಿದುಕೊಂಡು, ಕೋಣೆಯ ಬಾಗಿಲು ಹಾಕಿ, ಆ ಪುಟ್ಟ ಗುಂಡಿಗಳನ್ನು ಒತ್ತುತ್ತ ವರ್ಷ, ತಿಂಗಳು, ದಿನ ಸರಿಮಾಡಿದ. ಎಷ್ಟು ಬೇಗ ಮುಗಿಯಿತು! ಗಾಜನ್ನೂ ಒರೆಸಿದ, ಹೇಳಿದ್ದು ಸುಳ್ಳಾಗಬಾರದೆಂದು.

ಅಂದಿನಿಂದ ಚಿತ್ರಗಳು ಎಲ್ಲಿಗೂ ಹೋಗಲಿಲ್ಲ. ಅಕ್ಕ ವಾರ ನೋಡಿದಳು, ಮತ್ತೊಂದು ವಾರ ನೋಡಿದಳು. ಒಂದು ದಿನ ಇಡೀ ಪಡಸಾಲೆಗೆ ಕೇಳುವ ಹಾಗೆ, "ಮಾತ್ರೆ ಹಿಡೀತು ಕಣ್ರೋ!" ಎಂದಳು. ಎಲ್ಲರೂ ಸಂತೋಷಪಟ್ಟರು. ಅವನೂ ಅವರ ನಡುವೆ ನಿಂತು ತಲೆಯಾಡಿಸಿದ. ತಪ್ಪು ತಿದ್ದಿದ್ದೇ ಅವಳ ಕಾಯಿಲೆಗೆ ಸಾಕ್ಷಿಯಾಗಿ ನಿಂತಿತು. ಇನ್ನು ಯಾರು ಹೇಳಿದರೂ ಅವಳು ನಂಬುವುದಿಲ್ಲ. ಕಾಯಿಲೆಯವಳ ಕೈಗೆ ಬೆಂಚು ಬೇಡವೆಂದು ಮುಖ್ಯಸ್ಥರು ಅವಳ ಕೆಲಸ ಬದಲಿಸುವ ಆದೇಶವನ್ನೂ ಕಳಿಸಿದರು. ನಾಳೆ ಹೇಳೋಣ ಎಂದು ಪ್ರತಿದಿನ ಅಂದುಕೊಂಡ. ಪ್ರತಿ ನಾಳೆಗೂ ಹೇಳಬೇಕಾದ್ದು ಉದ್ದವಾಗುತ್ತ ಹೋಯಿತು. ಈಗ ಅರ್ಧ ಸಾಲಿನಲ್ಲಿ ಮುಗಿಯುವುದಿಲ್ಲ. ಗೊತ್ತಾದದ್ದು ಯಾವಾಗ, ಸುಮ್ಮನಿದ್ದದ್ದು ಯಾಕೆ, ಎಲ್ಲ ಹೇಳಬೇಕು. ಮನೆಯಲ್ಲಿ ಹೆಂಡತಿ, "ಏನಾಗಿದೆ ನಿಮಗೆ, ತಟ್ಟೇನೇ ನೋಡ್ತಾ ಕೂತಿರ್ತೀರಿ," ಎಂದರೆ, "ಕೆಲಸ ಜಾಸ್ತಿ," ಎನ್ನುತ್ತಿದ್ದ.

ಈಗ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಒಳಗೆ ಬಂದಳು. ಮೇಲೆ ಹಾಕಿಕೊಂಡಿದ್ದ ಬೂದಿಬಣ್ಣದ ಸ್ವೆಟರಿನ ಜೇಬುಗಳಲ್ಲಿ ಕೈ ತೂರಿಸಿಕೊಂಡಿದ್ದಳು. ಈಚೆಗೆ ಹಾಗೇ ಇರುತ್ತಾಳೆ, ನಡುಕ ಕಾಣದಿರಲಿ ಎಂದು.

"ಕೆಲಸದಲ್ಲಿದ್ದೀಯಾ?"

"ಇಲ್ಲಕ್ಕ, ಕೂತ್ಕೊಳ್ಳಿ."

"ಊಟ ಆದ್ಮೇಲೆ ಒಪ್ಪಿಸ್ಬೇಕಂತೆ. ಹೊಸಬಳಿಗೆ ಆ ಗುಂಡಿ ಒತ್ತೋದು ನೀನೇ ತೋರಿಸ್ಬಿಡಪ್ಪ. ನಾನು ತೋರಿಸಿ, ಏನೋ ಒಂದು ಬಿಟ್ಟುಹೋಗಿ, ಆಮೇಲೆ ಅವಳಿಗೂ ನನ್ನ ಗತಿ ಆಗೋದು ಬೇಡ." ಕೂತಳು. "ನನ್ನನ್ನ ಮುಂದಿನ ಕೋಣೆಗೆ ಹಾಕಿದಾರೆ. ಪೊಟ್ಟಣಕ್ಕೆ ಚೀಟಿ ಅಂಟಿಸೋದು. ಅಲ್ಲಿ ಏನ್ ಮರೆತ್ರೂ ಅಂಟು ಒಣಗತ್ತೆ ಅಷ್ಟೆ, ಬೀಜ ಸಾಯಲ್ಲ." ನಕ್ಕಳು. ಆಮೇಲೆ ನಗು ನಿಲ್ಲಿಸಿ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ಬಾಗಿಲ ಕಡೆ ನೋಡಿ, "ನಿನ್ನ ಹತ್ರ ಒಂದು ಕೇಳ್ಬೇಕಿತ್ತು. ನಂಗೂ ಒಂದು ಸಾಲು ಬರ್ಕೊಡ್ತೀಯಾ?" ಎಂದಳು.

"ಎಂಥದ್ದಕ್ಕ?"

"ಫೋನಿಗೆ ಹಾಕೋ ಅಂಥದ್ದು. ಸಂಜೆ ಆಯ್ತು ಅಂದ್ರೆ ತಾನಾಗೇ ನನ್ನ ಕೇಳ್ಬೇಕು. ನಲ್ಲಿ ನಿಲ್ಲಿಸಿದ್ಯಾ, ಬಾಗಿಲು ಹಾಕಿದ್ಯಾ, ಮಾತ್ರೆ ತಗೊಂಡ್ಯಾ ಅಂತ. ಮಗಳು ಕೇಳಿದ್ರೆ ಬೇಜಾರಾಗತ್ತೆ ಕಣೋ. ಯಂತ್ರ ಕೇಳಿದ್ರೆ ಏನೂ ಅನ್ಸಲ್ಲ."

ಅವನು ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ಅಕ್ಕ ತನ್ನಷ್ಟಕ್ಕೆ ಹೇಳುತ್ತ ಹೋದಳು. ಗ್ಯಾಸ್ ಒಲೆಯ ಗುಂಡಿಗಳನ್ನು ಮಗಳು ಕಿತ್ತು ತನ್ನ ಚೀಲದಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳಂತೆ. ಒಳ್ಳೆಯದೇ ಮಾಡಿದಳು. ಮೊಮ್ಮಗಳನ್ನು ಈಗ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರಂತೆ. "ಮಗಳು ಬೇಡ ಅನ್ಲಿಲ್ಲ, ಪಾಪ. ನಾನೇ ಅಂದೆ. ಎಲ್ಲೋ ಕೂರಿಸಿ, ಕೂರಿಸಿದ್ದೇ ಮರೆತ್ರೆ? ಚಿತ್ರ ಹೋದ್ರೆ ಇನ್ನೊಂದ್ಸಲ ತೆಗೀಬಹುದು..." ಹೊರಗೆ ಗಾಡಿಯೊಂದು ಹಿಂದೆ ಸರಿಯುತ್ತಿತ್ತು; ಗೋದಾಮಿನವನು ಬಾ ಬಾ ಬಾ, ಸಾಕು ಎಂದು ಕೂಗಿದ.

"ಅಕ್ಕ," ಎಂದ ಅವನು. "ನೀವು ಏನೂ ಮರೆತಿರ್ಲಿಲ್ಲ. ಚಿತ್ರ ನೀವು ಇಟ್ಟಿದ್ರಿ. ಅಳಿಸಿದ್ದು ನನ್ನ ಸಾಲು."

ಹೇಳಿದ. ಬ್ಯಾಟರಿ, ತಾರೀಖು, ರಾತ್ರಿ ಎದ್ದು ಹಳೆಯದನ್ನು ಹುಡುಕುವ ಸಾಲು, ಎಲ್ಲವನ್ನೂ ಮುಗ್ಗರಿಸುತ್ತ ಹೇಳಿದ. ಅಕ್ಕ ಕೊನೆಯವರೆಗೂ ಕೇಳಿ, ಜೇಬಿನಿಂದ ಒಂದು ಕೈ ತೆಗೆದು ಅವನ ಮುಂಗೈ ಮೇಲಿಟ್ಟಳು. ಆ ಕೈ ಒದ್ದೆ ಕಾಗದದ ಹಾಗೆ ತಣ್ಣಗಿತ್ತು.

"ನೀನು ಒಳ್ಳೆಯವನಪ್ಪ. ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಿಕೊಂಡು ಬಂದ್ಯಲ್ಲ."

"ಕಟ್ಟಿದ್ದಲ್ಲಕ್ಕ!"

"ಆಯ್ತು, ಆಯ್ತು. ನನ್ನಮ್ಮಂಗೂ ನಾವು ಹೀಗೇ ಹೇಳ್ತಿದ್ವಿ. ನೀನು ಮರೆತಿಲ್ಲಮ್ಮ, ನಾನೇ ಬೇರೆ ಕಡೆ ಇಟ್ಟಿದ್ದೆ ಅಂತ."

ಒಂದು ಕ್ಷಣ, ಬರೀ ಒಂದು ಕ್ಷಣ, ಅವನೊಳಗೆ ಏನೋ ಹಗುರಾಯಿತು. ಹೇಳಿಯಾಯಿತಲ್ಲ. ನಂಬದಿದ್ದರೆ ಅದು ಅವಳದು. ಹೀಗೆಯೇ ಬಿಟ್ಟರೆ ಇವತ್ತಿನಿಂದ ಅವನು ಹೇಳಿದವನೂ ಹೌದು, ಒಳ್ಳೆಯವನೂ ಹೌದು. ಆ ಹಗುರ ತನಗೆ ಎಷ್ಟು ಹಿತವಾಯಿತೆಂದು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದು ಹೋಗಿ ಬೆಂಚಿನ ಮೇಲಿಂದ ಕ್ಯಾಮರಾ ತಂದ. ತಾರೀಖನ್ನು ಮತ್ತೆ ಅದರ ಹುಟ್ಟಿನ ವರ್ಷಕ್ಕೆ ಇಳಿಸಿದ. ಮೇಜಿನ ಮೇಲಿದ್ದ ನೀರಿನ ಲೋಟದ ಚಿತ್ರ ತೆಗೆದು, ಕ್ಯಾಮರಾ ಚುಚ್ಚಿ, ಅಕ್ಕ ದಿನವೂ ಒತ್ತುತ್ತಿದ್ದ ಗುಂಡಿ ಒತ್ತಿದ. ಬೇರೆ ಯಾವುದಕ್ಕೂ ತಾಕದಂತೆ ಪಕ್ಕಕ್ಕೆ ಮಾಡಿಕೊಂಡ ಖಾಲಿ ಕಡತದಲ್ಲಿ ಲೋಟ ಬಂದು ಕೂತಿತು. "ನೋಡಿ, ಇದೆ." ಆಮೇಲೆ ಆ ಹಳೆಯ ಸಾಲನ್ನು, ತಿದ್ದುವ ಮೊದಲು ಇದ್ದ ಹಾಗೆ, ಒಂದೊಂದೇ ಅಕ್ಷರವಾಗಿ ಬೆರಳಚ್ಚಿಸಿ ಓಡಿಸಿದ. ಪರದೆ ಕಣ್ಣು ಮಿಟುಕಿಸಿದಂತಾಯಿತು. ಕಡತ ಖಾಲಿ.

ಅಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಇನ್ನೊಂದ್ಸಲ ಮಾಡು."

ಮಾಡಿದ.

"ತಡಿ. ಈಗ ನಾನು ಮಾಡ್ತೀನಿ." ಎರಡೂ ಕೈಗಳನ್ನು ಜೇಬಿನಿಂದ ತೆಗೆದಳು. ಬಲಗೈಯಲ್ಲಿ ಕ್ಯಾಮರಾ ಹಿಡಿದು ತನ್ನ ಎಡಗೈಯ ಅಂಗೈಯ ಚಿತ್ರ ತೆಗೆದಳು. ಚುಚ್ಚಿ ಒತ್ತಿದಳು. ಪರದೆಯ ಮೇಲೆ ಅಂಗೈ ಮೂಡಿತು, ನಡುಕಕ್ಕೆ ಅಂಚುಗಳು ಮಸುಕಾಗಿದ್ದವು, ಬೀಜಕ್ಕೆ ಬಳಿಯುವ ಔಷಧಿಯ ಕೆಂಪು ಬಣ್ಣ ಗೆರೆಗಳಲ್ಲಿ ಉಳಿದಿತ್ತು. ಬಹಳ ಹೊತ್ತು ಅದನ್ನೇ ನೋಡಿ, "ಎಲ್ಲಿ ಒತ್ತಬೇಕು?" ಎಂದು ಕೇಳಿ, ತೋರಿಸಿದಲ್ಲಿ ಒತ್ತಿದಳು. ಅಂಗೈ ಹೋಯಿತು.

ಅವಳು ಅಳಬಹುದು, ಕೂಗಬಹುದು, ತಬ್ಬಿಕೊಂಡರೂ ಕೊಳ್ಳಬಹುದು ಎಂದು ಅವನು ಕಾದ. ಅಕ್ಕ ಖಾಲಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ನಿಂಗೆ ಇದು ಯಾವತ್ತು ಗೊತ್ತಾಯ್ತು?"

ಇವತ್ತೇ ಬೆಳಿಗ್ಗೆ ಅಕ್ಕ. ಅಷ್ಟು ಸಣ್ಣ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅದೊಂದನ್ನು ಹೇಳಿಬಿಟ್ಟರೆ ಉಳಿದದ್ದೆಲ್ಲ ಒಂದು ಒಳ್ಳೆಯ ಕೆಲಸವಾಗಿಬಿಡುತ್ತಿತ್ತು.

"ನೀವು ಡಾಕ್ಟರ ಹತ್ರ ಹೋಗ್ಬಂದ ಮಾರನೇ ದಿನ," ಎಂದ.

"ಗಾಜು ಒರೆಸಿಕೊಡ್ತೀನಿ ಅಂತ ಕ್ಯಾಮರಾ ತಗೊಂಡ್ಯಲ್ಲ, ಅವತ್ತು."

"ಹೂಂ."

"ನೀನು ನೀಲಿ ಅಂಗಿ ಹಾಕಿದ್ದೆ. ಮೇಲಿನ ಗುಂಡಿ ಹೋಗಿತ್ತು. ಹೊಲ್ಕೊಡ್ಲಾ ಅಂತ ಕೇಳೋಣ ಅಂದ್ಕೊಂಡೆ. ನಾನು ಮಾತ್ರೆ ವಿಷಯ ಹೇಳಿದ್ದಕ್ಕೆ ಒಳ್ಳೇದಾಯ್ತಕ್ಕ ಅಂದೆ ನೀನು." ಒಂದೊಂದನ್ನೂ ಇಕ್ಕುಳದಲ್ಲಿ ಎತ್ತಿ ಸಾಲಾಗಿ ಇಡುವಂತೆ ಇಟ್ಟಳು. ಒಂದೂ ಜಾರಲಿಲ್ಲ. "ಎಲ್ಲಾ ನೆನಪಿದೆ ನಂಗೆ."

ಅವನು ತಲೆ ತಗ್ಗಿಸಿ, "ಈಗ್ಲೇ ಸಾಹೇಬರಿಗೆ ಹೇಳ್ತೀನಿ. ಒಳಪುಟದಲ್ಲೂ ಹಾಕ್ತೀನಿ, ಎಲ್ಲರಿಗೂ ಗೊತ್ತಾಗ್ಲಿ," ಎಂದ.

"ಸಾಹೇಬರಿಗೆ ಹೇಳು. ಪುಟದಲ್ಲಿ ಹಾಕೋದು ಬೇಡ." ಮೊದಲ ಸಲ ಅವಳ ದನಿಯಲ್ಲಿ ಮೊನೆ ಇತ್ತು. "ನೀನು ಹಾಕ್ತೀಯ, ಎಂಥ ಪ್ರಾಮಾಣಿಕ ಮನುಷ್ಯ ಅಂತ ನಾಲ್ಕು ಊರಿನವರು ಹೊಗಳ್ತಾರೆ. ನನ್ನ ಹೆಸರಲ್ಲಿ ಅದೊಂದು ಬೇಡ. ಸಂಜೆ ನನ್ನ ಜೊತೆ ಮನೆಗೆ ಬಾ. ನನ್ನ ಮಗಳಿಗೆ ಹೇಳು."

ಮುಖ್ಯಸ್ಥರು ಅವನ ಮಾತನ್ನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೇಳಿದರು. ಹೌದಾ ಎಂದರು, ಛೆ ಎಂದರು. ಆಮೇಲೆ, "ಆದೇಶ ಹೋಗಿಯಾಗಿದೆಯಲ್ರೀ. ಹೊಸಬಳು ಮೂರು ಊರು ದಾಟಿ ಬಂದು ಕೂತಿದಾಳೆ. ಮುಂದಿನ ಹಂಗಾಮಿಗೆ ನೋಡೋಣ. ಇದನ್ನ ಮಾತ್ರ ಎಲ್ಲರ ಕಿವಿಗೆ ಹಾಕ್ಬೇಡಿ, ಹಳೇ ವರದಿಗಳನ್ನೆಲ್ಲ ಕೆದಕ್ತಾರೆ," ಎಂದರು. ಅವನು ಇನ್ನೂ ನಿಂತೇ ಇದ್ದ. ಬೈಯುತ್ತಾರೆಂದು ಕಾಯುತ್ತಿದ್ದ. ಅವರು ಬೈಯಲಿಲ್ಲ, "ಇನ್ನೇನು?" ಎಂದರು. ಊಟದ ನಂತರ ಅಕ್ಕ ಬೆಂಚನ್ನು ಒಪ್ಪಿಸಿದಳು. ಯಾವ ಪೆಟ್ಟಿಗೆಯ ಬಾಗಿಲು ಬಿಗಿಯಾಗಿ ಮುಚ್ಚುವುದಿಲ್ಲ, ಯಾವ ತಟ್ಟೆಯ ಮೂಲೆ ಬೇಗ ಒಣಗುತ್ತದೆ, ಒಂದನ್ನೂ ಬಿಡದೆ ಹೇಳಿಕೊಟ್ಟು, ಮುಂದಿನ ಕೋಣೆಗೆ ಹೋಗಿ ಚೀಟಿ ಅಂಟಿಸುತ್ತ ಕೂತಳು.

ಸಂಜೆ ಇಬ್ಬರೂ ನಡೆದು ಹೋದರು. ಒಂದು ಕಡೆ ರಸ್ತೆ ದಾಟುವಾಗ, ಅವನು ನೋಡದೆ ಹೆಜ್ಜೆಯಿಟ್ಟಾಗ, ಅಕ್ಕ ತೋಳು ಹಿಡಿದು ಹಿಂದಕ್ಕೆಳೆದು, ಗಾಡಿ ಹೋದ ಮೇಲೆ ಬಿಟ್ಟಳು. ಮನೆ ಮೇಲಂತಸ್ತಿನಲ್ಲಿತ್ತು. ಒಳಗೆ ಕಾಲಿಟ್ಟರೆ ಎಲ್ಲ ಕಡೆಯೂ ಕೈಬರಹದ ಚೀಟಿಗಳು: ನಲ್ಲಿಯ ಮೇಲೆ ನಿಲ್ಲಿಸು, ಕಿಟಕಿಯ ಮೇಲೆ ಮುಚ್ಚು, ಬಾಗಿಲ ಹಿಂದೆ ಕೀಲಿ. ಅಕ್ಷರ ದುಂಡಗೆ, ಅಕ್ಕರೆಯಿಂದ ಬರೆದಿತ್ತು. ಒಲೆಯಲ್ಲಿ ಗುಂಡಿಗಳಿರಬೇಕಾದಲ್ಲಿ ಬರೀ ಕಬ್ಬಿಣದ ಕಡ್ಡಿಗಳು ಚಾಚಿಕೊಂಡಿದ್ದವು. ಮಗಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಕಂಕುಳಲ್ಲಿ ಮಗು, ಹೆಗಲಲ್ಲಿ ಇನ್ನೂ ಇಳಿಸದ ಚೀಲ. ಅವನು ಕೂರದೆ, ಬಾಗಿಲ ಹತ್ತಿರವೇ ನಿಂತು, ಇನ್ನೊಮ್ಮೆ ಎಲ್ಲವನ್ನೂ ಹೇಳಿದ. ಈ ಸಲ ಮುಗ್ಗರಿಸಲಿಲ್ಲ. ಅದಕ್ಕೇ ಇರಬೇಕು, ಬಾಯಿಪಾಠದ ಹಾಗೆ ಕೇಳಿಸಿತು.

ಮಗಳು ತಾಯಿಯ ಮುಖ ನೋಡಿ ಅವನ ಮುಖ ನೋಡಿದಳು. "ಅಮ್ಮ ಹೇಳಿಕೊಟ್ಟು ಕರ್ಕೊಂಡು ಬಂದ್ರಾ ನಿಮ್ಮನ್ನ?"

"ಇಲ್ಲ, ನಡೆದದ್ದೇ ಹೇಳಿದ್ದು. ಬೇಕಾದ್ರೆ ಕಚೇರಿಗೆ ಬನ್ನಿ, ತೋರಿಸ್ತೀನಿ."

"ಮೊನ್ನೆ ನಲ್ಲಿ ಬಿಟ್ಟು ಹೋಗಿದ್ದೂ ನಿಮ್ಮ ಕಂಪ್ಯೂಟರ್ರಾ? ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು?"

"ನಲ್ಲಿ ನಿನ್ನ ಗಂಡನೂ ಬಿಡ್ತಾನೆ," ಎಂದಳು ಅಕ್ಕ. "ಅವನ ತಲೆಗೆ ಯಾರೂ ಚೀಟಿ ಅಂಟಿಸಲ್ಲ."

ಮಗಳು ನಗಲು ಹೋದವಳು ಅರ್ಧಕ್ಕೇ ಬಿಟ್ಟಳು. "ಮತ್ತೆ ಆ ಮಾತ್ರೆ?" ಎಂದಳು, ಯಾರನ್ನೂ ಕೇಳದೆ. "ಅಷ್ಟು ದಿನ ಆ ಮಾತ್ರೆ ಯಾಕೆ ನುಂಗಿದ್ಲು ಇವಳು?" ಅವನು, ಡಾಕ್ಟರಿಗೂ ತಾನೇ ಬಂದು ಹೇಳುತ್ತೇನೆ ಎಂದ. ಆ ಮಾತು ಬಾಯಿಂದ ಹೊರಬಿದ್ದು ಯಾರ ಕಡೆಗೂ ಹೋಗದೆ ಅಲ್ಲೇ ಬಿತ್ತು. ಮಗಳು ಚೀಲದೊಳಗೆ ಕೈ ಹಾಕಿ, ಒಲೆಯ ಗುಂಡಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಮಗು ಅವುಗಳ ಸದ್ದಿಗೆ ತಿರುಗಿ, ಅಜ್ಜಿಯನ್ನು ಕಂಡು, ಎರಡೂ ತೋಳು ಚಾಚಿ ಮುಂದಕ್ಕೆ ಬಾಗಿತು.

"ತಗೋಮ್ಮ," ಎಂದಳು ಮಗಳು.

ಅಕ್ಕನ ಕೈಗಳು ಸ್ವೆಟರಿನ ಜೇಬಿನಿಂದ ಅರ್ಧ ಹೊರಗೆ ಬಂದವು. ಅವಳು ಅವುಗಳನ್ನು ನೋಡಿದಳು. ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡಿದಳು.

"ಬೇಡ," ಎಂದಳು. "ನೀನೇ ಹಿಡ್ಕೊ."

"ಅಮ್ಮಾ, ಅವರು ಹೇಳಿದ್ರಲ್ಲ..."

"ಹೇಳಿದ್ರು. ಗೊತ್ತಾಯ್ತು ನಂಗೆ." ಕೈಗಳು ಮತ್ತೆ ಜೇಬಿನೊಳಕ್ಕೆ ಹೋದವು. "ನೀನೇ ಹಿಡ್ಕೊಳ್ಳೇ, ನಂಗೆ ಧೈರ್ಯ ಇಲ್ಲ."

ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಅವನು ಅದನ್ನು ಕೇಳಿಸಿಕೊಂಡ. ಯಾರೂ ಅವನಿಗೆ ಹೋಗು ಎನ್ನಲಿಲ್ಲ, ಕೂತುಕೋ ಎಂದೂ ಅನ್ನಲಿಲ್ಲ. ಮಗು ತೋಳು ಚಾಚಿಕೊಂಡು ಮುಂದಕ್ಕೆ ಬಾಗಿಯೇ ಇತ್ತು.